ಇಪ್ಪತ್ತೊಂದಕ್ಕೆ ಎಷ್ಟು ಮಗ್ಗಿ ಬೇಕು?

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದ ಹತ್ತಿರ ಬರೋನಾ ಎಂಬ ಕ್ಯಾಸಿನೊ ಇದೆ. ಅಲ್ಲಿ ಬೆರಳೆಣಿಕೆಯ ಕೆಲವರಿಗೆ ಜೀವಮಾನವಿಡೀ ಊಟ ವಸತಿ ಬಿಟ್ಟಿ. ಹೋದಾಗಲೆಲ್ಲ ಕೋಣೆ ಕೊಡುತ್ತಾರೆ, ಹೊಟ್ಟೆ ತುಂಬ ಬಡಿಸುತ್ತಾರೆ, ಬಿಲ್ಲು ತರುವುದಿಲ್ಲ. ಷರತ್ತು ಒಂದೇ: ನಮ್ಮ ಇಸ್ಪೀಟಿನ ಮೇಜುಗಳ ಕಡೆ ಮಾತ್ರ ಸುಳಿಯಕೂಡದು. ಜೂಜಿನ ಅಂಗಡಿ ಇಟ್ಟವನೇ ಬಂದವರಿಗೆ ‘ದಯವಿಟ್ಟು ಜೂಜಾಡಬೇಡಿ ಸ್ವಾಮಿ’ ಎಂದು ಕೈಮುಗಿದು ಊಟ ಹಾಕುವ ಏರ್ಪಾಡು ಇದು. ‘ಇಸ್ಪೀಟು ಮುಟ್ಟಿದವನಿಗೆ ಅನ್ನ ಹುಟ್ಟೋದಿಲ್ಲ’ ಅನ್ನುತ್ತಿದ್ದ ನಮ್ಮಜ್ಜಿಗೆ ಇದನ್ನು ವಿವರಿಸಿ ಹೇಳುವುದು ಕಷ್ಟವಾಗುತ್ತಿತ್ತು.

ಈ ಗೌರವಕ್ಕೆ ಬ್ಲ್ಯಾಕ್‌ಜ್ಯಾಕ್ ಹಾಲ್ ಆಫ್ ಫೇಮ್ ಎಂದು ಹೆಸರು. ಮೊದಲ ಕಂತಿನಲ್ಲಿ ಏಳು ಜನರನ್ನು ಆರಿಸಿದರು. ಅವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರಿಂದ ಕ್ಯಾಸಿನೊಗೆ ಊಟದ ಖರ್ಚೂ ಅಷ್ಟು ಉಳಿಯಿತು. ಏಳು ಜನರೂ ಒಂದಲ್ಲ ಒಂದು ಬಗೆಯಲ್ಲಿ ಎಲೆ ಎಣಿಸುವುದಕ್ಕೆ ಹೆಸರಾದವರು. ಎಲೆ ಬಚ್ಚಿಟ್ಟವರಲ್ಲ, ಗುರುತು ಮಾಡಿದವರಲ್ಲ. ಎಲ್ಲರ ಕಣ್ಣೆದುರು ಬಿದ್ದ ಎಲೆಗಳನ್ನು ಮನಸ್ಸಿನಲ್ಲಿ ಲೆಕ್ಕ ಇಟ್ಟವರು.

ಆಟ ಸರಳವಾದದ್ದು. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ರಾಜ, ರಾಣಿ, ಗುಲಾಮರಿಗೆ ಇಲ್ಲಿ ಪದವಿಭೇದವಿಲ್ಲ, ಎಲ್ಲರೂ ಹತ್ತೇ. ಎಕ್ಕ ಮಾತ್ರ ಅನುಕೂಲ ನೋಡಿಕೊಂಡು ಒಂದೋ ಹನ್ನೊಂದೋ ಆಗುತ್ತದೆ. ಎದುರಿಗೆ ನಿಂತಿರುವ ಡೀಲರ್ ಸಂಬಳದ ಮನುಷ್ಯ, ಸ್ವಂತ ಬುದ್ಧಿ ಓಡಿಸುವ ಅಧಿಕಾರ ಅವನಿಗಿಲ್ಲ. ಹದಿನಾರಾದರೆ ಇನ್ನೊಂದು ಎಲೆ ತೆಗೆಯಲೇಬೇಕು, ಸಾಮಾನ್ಯವಾಗಿ ಹದಿನೇಳಕ್ಕೆ ನಿಲ್ಲಬೇಕು. ಕ್ಯಾಸಿನೊದ ಲಾಭವೆಲ್ಲ ಒಂದು ಸಣ್ಣ ಕಿಡಿಗೇಡಿತನದಲ್ಲಿ ಅಡಗಿದೆ: ಮೊದಲು ಆಡಬೇಕಾದವರು ನಾವು. ನಾವು ಇಪ್ಪತ್ತೊಂದು ದಾಟಿದ ಕೂಡಲೇ ನಮ್ಮ ದುಡ್ಡು ಎಳೆದುಕೊಳ್ಳುತ್ತಾರೆ. ಆಮೇಲೆ ಡೀಲರೂ ದಾಟಿದರೆ ಅದು ಅವರ ಮನೆಯ ವಿಷಯ.

1956ರಲ್ಲಿ ಮೇರಿಲ್ಯಾಂಡ್‌ನ ಅಬರ್ಡೀನ್ ಸೇನಾ ನೆಲೆಯಲ್ಲಿದ್ದ ನಾಲ್ವರು, ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್ ಮತ್ತು ಮ್ಯಾಕ್‌ಡರ್ಮಟ್, ಕಟಕಟ ಎನ್ನುವ ಮೇಜುಯಂತ್ರಗಳಲ್ಲಿ ಲೆಕ್ಕ ಹಾಕಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಯಾವ ಕೈಗೆ ಎಲೆ ತೆಗೆಯಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬ ಪಟ್ಟಿ ಅದು. ಅದರ ಪ್ರಕಾರ ಆಡಿದರೆ ಕ್ಯಾಸಿನೊದ ಮೇಲುಗೈ ಒಂದು ಸಣ್ಣ ಚೂರಿಗೆ ಇಳಿಯುತ್ತದೆ. ಇವತ್ತಿನ ಒಳ್ಳೆಯ ನಿಯಮಗಳ ಮೇಜಿನಲ್ಲಿ ನೂರು ರೂಪಾಯಿಗೆ ಐವತ್ತು ಪೈಸೆಯಷ್ಟು ಎಂದಿಟ್ಟುಕೊಳ್ಳಿ. ಯುದ್ಧವಿಲ್ಲದ ಹೊತ್ತಿನಲ್ಲಿ ಸೈನಿಕರು ಏನು ಮಾಡುತ್ತಿರುತ್ತಾರೆ ಎಂಬ ಪ್ರಶ್ನೆಗೆ ಇಷ್ಟು ಚೆಂದದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆ ಐವತ್ತು ಪೈಸೆಯನ್ನು ತಿರುಗಿಸಿ ನಮ್ಮ ಜೇಬಿಗೆ ಹಾಕಿಕೊಳ್ಳುವ ದಾರಿ ಹುಡುಕಿದವರು ಎಡ್ವರ್ಡ್ ಥಾರ್ಪ್. ಎಂಐಟಿಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ರೂಲೆಟ್ ಚಕ್ರಕ್ಕೆ ಹಿಂದಿನ ಸುತ್ತಿನ ನೆನಪಿರುವುದಿಲ್ಲ, ಇಸ್ಪೀಟಿಗೆ ಇರುತ್ತದೆ. ಒಮ್ಮೆ ಬಿದ್ದ ಎಲೆ ಮತ್ತೆ ಕಲಸುವವರೆಗೆ ವಾಪಸ್ ಬರುವುದಿಲ್ಲ. ಹಾಗಾಗಿ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆಗಳು ಹೆಚ್ಚಿದ್ದರೆ ಆಟಗಾರನಿಗೆ ಲಾಭ. ಎಕ್ಕವೂ ಹತ್ತೂ ಜೊತೆಯಾಗಿ ನಮಗೆ ಬಂದರೆ ಒಂದಕ್ಕೆ ಒಂದೂವರೆ ಸಿಗುತ್ತದೆ, ಡೀಲರಿಗೆ ಬಂದರೆ ನಮ್ಮಿಂದ ಹೋಗುವುದು ಒಂದೇ. ಹದಿನಾರಾದರೂ ಎಲೆ ತೆಗೆಯಲೇಬೇಕಾದ ಡೀಲರ್ ದೊಡ್ಡ ಎಲೆ ಬಿದ್ದು ಒಡೆದುಹೋಗುತ್ತಾನೆ. ಥಾರ್ಪ್ ಇದನ್ನೆಲ್ಲ ಐಬಿಎಂ 704 ಎಂಬ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, 1961ರಲ್ಲಿ ಮನ್ನಿ ಕಿಮ್ಮೆಲ್ ಎಂಬ ಜೂಜುಗಾರ ಕೊಟ್ಟ 10,000 ಡಾಲರ್ ಹಿಡಿದು ನೆವಾಡಾದ ರೀನೊಗೆ ಹೋಗಿ ದುಪ್ಪಟ್ಟು ಮಾಡಿಕೊಂಡು ಬಂದರು. ಮರುವರ್ಷ ‘ಬೀಟ್ ದ ಡೀಲರ್’ ಪುಸ್ತಕ ಬಂತು.

ಆ ಪುಸ್ತಕದಲ್ಲೇ ಮುಂದಿನ ಜಗಳದ ಎರಡೂ ಕಡೆಯವರು ಇದ್ದಾರೆ. ಒಂದು ಕಡೆ ಬರೀ ಐದುಗಳನ್ನು ಎಣಿಸುವ ಉಪಾಯ. ಕಟ್ಟಿನಲ್ಲಿರುವುದೇ ನಾಲ್ಕು ಐದು. ನಾಲ್ಕೂ ಬಿದ್ದುಹೋದರೆ ಉಳಿದ ಕಟ್ಟು ಆಟಗಾರನ ಪರ, ಪಣ ಹೆಚ್ಚಿಸು. ಯುಕೆಜಿ ಮಗುವೂ ಮಾಡಬಹುದು. ಇನ್ನೊಂದು ಕಡೆ ‘ಅಲ್ಟಿಮೇಟ್’ ಎಂಬ ಅಂತಿಮ ಪದ್ಧತಿ. ಅದರಲ್ಲಿ ಎರಡು ಬಿದ್ದರೆ ಐದು ಕೂಡಬೇಕು, ಮೂರು ಬಿದ್ದರೆ ಆರು, ನಾಲ್ಕಕ್ಕೆ ಎಂಟು, ಐದಕ್ಕೆ ಹನ್ನೊಂದು, ಆರಕ್ಕೆ ಆರು, ಏಳಕ್ಕೆ ನಾಲ್ಕು. ಎಂಟಕ್ಕೆ ಏನೂ ಇಲ್ಲ. ಒಂಬತ್ತಕ್ಕೆ ಮೂರು ಕಳೆಯಬೇಕು, ಹತ್ತಕ್ಕೆ ಏಳು, ಎಕ್ಕಕ್ಕೆ ಒಂಬತ್ತು. ಪ್ರತಿ ಎಲೆಗೂ ಅದರ ಯೋಗ್ಯತೆಗೆ ತಕ್ಕ ಬೆಲೆ, ಲೇಶವೂ ಅನ್ಯಾಯವಿಲ್ಲ. ಇದನ್ನು ಮನಸ್ಸಿನಲ್ಲೇ ಕೂಡುತ್ತ ಕಳೆಯುತ್ತ ಕೂತವನ ಮುಖವನ್ನು ನೋಡಿದರೆ ಸಾಕು, ಕ್ಯಾಸಿನೊದವರು ಆಂಬ್ಯುಲೆನ್ಸ್ ಕರೆಸುತ್ತಾರೆ.

ಮಧ್ಯದ ದಾರಿ ತೋರಿಸಿದವರು ಹಾರ್ವಿ ಡಬ್ನರ್. 1963ರಲ್ಲಿ ಕಂಪ್ಯೂಟರ್ ತಜ್ಞರ ಸಮ್ಮೇಳನವೊಂದು ಲಾಸ್ ವೇಗಸ್‌ನಲ್ಲೇ ನಡೆದಾಗ ಅದರಲ್ಲಿ ಹೇಳಿದರು. (ಸಮ್ಮೇಳನಕ್ಕೆ ಆ ಊರನ್ನು ಆರಿಸಿದ ಪುಣ್ಯಾತ್ಮನಿಗೂ ಒಂದು ಹಾಲ್ ಆಫ್ ಫೇಮ್ ಇರಬೇಕಿತ್ತು.) ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡು. ಹತ್ತು, ರಾಜಪರಿವಾರ ಅಥವಾ ಎಕ್ಕ ಬಿದ್ದರೆ ಒಂದು ಕಳೆ. ಏಳು, ಎಂಟು, ಒಂಬತ್ತನ್ನು ನೋಡಿಯೂ ನೋಡದ ಹಾಗಿರು. ಇದೇ ಹೈ-ಲೊ. ಐಬಿಎಂನ ಜೂಲಿಯನ್ ಬ್ರಾನ್ ಇದನ್ನು ತಿದ್ದಿ ತೀಡಿದರು, ಥಾರ್ಪ್ ತಮ್ಮ ಪುಸ್ತಕದ 1966ರ ಆವೃತ್ತಿಗೆ ಸೇರಿಸಿಕೊಂಡರು. ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಬುದ್ಧಿವಂತರು ಅಷ್ಟು ಬೇಗ ಮುಗಿಯಲು ಬಿಡುತ್ತಾರೆಯೇ?

ನನಗೆ ಈ ವಿದ್ಯೆಯ ಪರಿಚಯವಾದದ್ದು ನನ್ನ ಭಾವಮೈದುನನಿಂದ. ಸ್ಯಾನ್ ಹೊಸೆಯಲ್ಲಿ ಚಿಪ್ಪು ತಯಾರಿಸುವ ಕಂಪನಿಯಲ್ಲಿದ್ದಾನೆ. ನಾವು ಅಲ್ಲಿಗೆ ಹೋಗಿದ್ದಾಗ ಅವನು ಸಂಜೆಯ ಹೊತ್ತು ಅಡುಗೆಮನೆಯ ಕಟ್ಟೆಯ ಮೇಲೆ ಎಲೆ ಬಿಡಿಸುತ್ತ ಕೂರುತ್ತಿದ್ದ. ಐವತ್ತೆರಡು ಎಲೆಗಳನ್ನು ಅರ್ಧ ನಿಮಿಷದೊಳಗೆ ಎಣಿಸಿ ಮುಗಿಸಬೇಕು, ಅದು ಈ ವಿದ್ಯೆಯ ಎಸ್ಸೆಸ್ಸೆಲ್ಸಿ. ಒಂದು ಸಂಜೆ ಅವನ ಹೆಂಡತಿ ಬಟ್ಟೆ ಮಡಚುತ್ತ ಒಳಗಿನಿಂದ ಕೂಗಿ ಕೇಳಿದಳು, “ರೀ, ಕುಕ್ಕರ್ ಎಷ್ಟು ಕೂಗ್ತು?”

ಅವನು ಎಲೆಯಿಂದ ಕಣ್ಣು ಕೀಳದೆ ಹೇಳಿದ, “ಮೈನಸ್ ಮೂರು.”

“ಹಾಗಾದ್ರೆ ಇನ್ನೂ ಆರು ಕೂಗಬೇಕು, ಆಮೇಲೆ ಆರಿಸಿ” ಅಂದಳು ಆಕೆ.

ಆ ಮನೆಯಲ್ಲಿ ಕ್ಯಾಸಿನೊಗೆ ಹೋಗಬೇಕಾದವರು ಯಾರು ಎಂಬುದು ನನಗೆ ಆಗಲೇ ಗೊತ್ತಾಯಿತು. ಹೇಳಲಿಲ್ಲ, ಅಷ್ಟೆ. ಹುಡುಗಿ ಕೊಟ್ಟ ಮನೆಯವರ ವಿಷಯದಲ್ಲಿ ಬಾಯಿ ಬಿಗಿಹಿಡಿದಷ್ಟೂ ಒಳ್ಳೆಯದು.

ಅವನು ಹೈ-ಲೊದಿಂದ ಶುರುಮಾಡಿ ಆಗಲೇ ಮೇಲಿನ ತರಗತಿಗಳಿಗೆ ತೇರ್ಗಡೆಯಾಗಿದ್ದ. ಮೇಲಿನ ತರಗತಿಗಳಿಗೇನೂ ಕೊರತೆಯಿಲ್ಲ. ಎಪ್ಪತ್ತರ ದಶಕದಲ್ಲಿ ಪದ್ಧತಿಗಳ ಸುಗ್ಗಿಯೇ ಆಯಿತು. ಲಾರೆನ್ಸ್ ರೆವಿಯರ್ ಎಂಬಾತ ಪುಸ್ತಕದಲ್ಲಿ ಕೆಲವು ಪದ್ಧತಿ ಕೊಟ್ಟು, ಇನ್ನೂ ಮುಂದುವರಿದದ್ದು ಬೇಕಾದವರಿಗೆ ಬೇರೆಯಾಗಿ ಮಾರಿದ. ಹೈ-ಆಪ್ಟ್ ಒಂದು, ಹೈ-ಆಪ್ಟ್ ಎರಡು ಬಂದವು. ಷೇರುಪೇಟೆಯ ದೊಡ್ಡ ಹುದ್ದೆ ಬಿಟ್ಟು ಜೂಜಿಗೆ ಬಂದ ಕೆನ್ ಉಸ್ಟನ್ ತನ್ನದೊಂದು ಪದ್ಧತಿಯಲ್ಲಿ ಐದಕ್ಕೆ ಮೂರು ಕೂಡಿಸಿ, ಹತ್ತಕ್ಕೆ ಮೂರು ಕಳೆಯಿಸಿ, ಎಕ್ಕಕ್ಕೆ ಸೊನ್ನೆ ಕೊಟ್ಟು, ಆ ಎಕ್ಕಗಳ ಲೆಕ್ಕವನ್ನು ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ ಎಂದ. ಒಂದು ಲೆಕ್ಕ ತಲೆಯಲ್ಲಿ, ಇನ್ನೊಂದು ಕಾಲಿನಲ್ಲಿ: ಎಕ್ಕ ಬಿದ್ದಾಗಲೆಲ್ಲ ಪಾದವನ್ನು ಸ್ವಲ್ಪ ಸರಿಸಿ ನೆನಪಿಟ್ಟುಕೊಳ್ಳುವವರೂ ಇದ್ದರು.

ನನಗೆ ಇವುಗಳಲ್ಲಿ ಅಚ್ಚುಮೆಚ್ಚಿನದು ಸ್ಟ್ಯಾನ್‌ಫರ್ಡ್ ವಾಂಗ್ ಎಂಬ ಕಾವ್ಯನಾಮದವರು 1975ರ ಪುಸ್ತಕದಿಂದ ಪ್ರಸಿದ್ಧಿಗೆ ತಂದ ‘ಹಾವ್ಸ್’. ಇದರಲ್ಲಿ ಎರಡಕ್ಕೆ ಅರ್ಧ, ಐದಕ್ಕೆ ಒಂದೂವರೆ, ಏಳಕ್ಕೆ ಅರ್ಧ, ಒಂಬತ್ತಕ್ಕೆ ಅರ್ಧ ಕಡಿಮೆ. ನಮ್ಮ ತಾತನ ಕಾಲದ ಮಕ್ಕಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದವರು. ಸಾಯಂಕಾಲ ದೀಪ ಹಚ್ಚಿದ ಮೇಲೆ ಒಪ್ಪಿಸಬೇಕಿತ್ತಂತೆ. ಹತ್ತಿ, ಬೆಲ್ಲ, ಎಣ್ಣೆಯ ವ್ಯಾಪಾರಕ್ಕೆಂದು ಕಲಿಸಿದ ಆ ಮಗ್ಗಿಗಳು ಸೇರು ಪಾವುಗಳ ಜೊತೆಗೇ ಹೋದವು ಎಂದುಕೊಂಡಿದ್ದೆ. ನೆವಾಡಾದ ಹಸಿರು ಬಟ್ಟೆಯ ಮೇಲೆ ಅರೆ ಮಗ್ಗಿ ಇನ್ನೂ ಉಸಿರಾಡುತ್ತಿದೆ. ಭಾವಮೈದುನನಿಗೆ ಹೇಳಿದರೆ, “ಅರ್ಧ ಯಾರೂ ಎಣಿಸಲ್ಲ ಭಾವ, ಎಲ್ಲಾನೂ ಡಬಲ್ ಮಾಡ್ಕೋತಾರೆ” ಅಂದ. ಸರಿ, ತಾತ ಅದನ್ನು ಕಳ್ಳಾಟ ಅನ್ನುತ್ತಿದ್ದರು.

ಇಷ್ಟೆಲ್ಲ ಕಸರತ್ತಿನಿಂದ ಸಿಗುವುದೆಷ್ಟು? ಇದನ್ನು ಅಳೆದು ಕೊಟ್ಟವರು ಸ್ಯಾಕ್ರಮೆಂಟೊದಲ್ಲಿ ಗಣಿತ ಪಾಠ ಮಾಡುತ್ತಿದ್ದ ಪೀಟರ್ ಗ್ರಿಫಿನ್. ಜೂಜಿನ ಗಣಿತದ ಪಾಠಕ್ಕೆ ತಯಾರಿ ಎಂದು ನೆವಾಡಾಕ್ಕೆ ಹೋಗಿ ಸೋತು, ಆಮೇಲೆ ಕೂತು ಲೆಕ್ಕ ಹಾಕಿದರು. 1979ರ ‘ದ ಥಿಯರಿ ಆಫ್ ಬ್ಲ್ಯಾಕ್‌ಜ್ಯಾಕ್’ ಅದರ ಫಲ. ಎಣಿಕೆಗೆ ಎರಡು ಕೆಲಸ ಇರುತ್ತದೆ ಎಂದು ಅವರು ಬಿಡಿಸಿದರು: ಪಣ ಯಾವಾಗ ಏರಿಸಬೇಕು ಎಂದು ಹೇಳುವುದು, ಕೈಯಲ್ಲಿರುವ ಎಲೆಗಳನ್ನು ಹೇಗೆ ಆಡಬೇಕು ಎಂದು ಹೇಳುವುದು. ಪಣದ ವಿಷಯದಲ್ಲಿ ಪರಿಪೂರ್ಣ ಜ್ಞಾನಕ್ಕೆ ನೂರು ಅಂಕ ಎಂದಿಟ್ಟುಕೊಂಡರೆ, ಬಡಪಾಯಿ ಹೈ-ಲೊ 97 ತೆಗೆಯುತ್ತದೆ. ಅರೆ ಮಗ್ಗಿಯ ಹಾವ್ಸ್ 99. ಎರಡು ಅಂಕಕ್ಕೆ ಅಷ್ಟು ಟ್ಯೂಷನ್ನು! ಎಲೆ ಆಡುವ ವಿಷಯದಲ್ಲಿ ಹೈ-ಲೊ 51ರ ಹತ್ತಿರ ಜಸ್ಟ್ ಪಾಸ್. ಹೈ-ಆಪ್ಟ್ ಎರಡು 67ರವರೆಗೆ ಏರುತ್ತದೆ. ಆದರೆ ಒಂದೇ ಎಣಿಕೆಯನ್ನು ಹಿಡಿದು ಹೊರಟವನು, ಎಂಥ ಪದ್ಧತಿ ಕಟ್ಟಿದರೂ, ಸುಮಾರು 70 ದಾಟಲಾರ ಎಂಬುದನ್ನೂ ಗ್ರಿಫಿನ್ ತೋರಿಸಿದರು. ಹತ್ತನೇ ಕ್ಲಾಸಿನ ಮಗನ ಅಪ್ಪಅಮ್ಮಂದಿರಿಗೆ ಈ ಪುಸ್ತಕವನ್ನು ಓದಿಸಬೇಕು ಎಂದು ನನಗೆ ಅನ್ನಿಸಿದ್ದುಂಟು.

ಇನ್ನೂ ಒಂದು ಸಂಗತಿ ಇದೆ. 67 ತೆಗೆಯುವ ವಿದ್ಯೆಗೆ ಬೆಲೆ ಇದ್ದದ್ದು ಒಂದೇ ಕಟ್ಟಿನಲ್ಲಿ, ಕಟ್ಟು ಮುಗಿಯುವ ತನಕ ಆಡಿಸುತ್ತಿದ್ದ ಕಾಲದಲ್ಲಿ. ಈಗ ಸಾಮಾನ್ಯವಾಗಿ ಆರು ಕಟ್ಟು, ಎಂಟು ಕಟ್ಟುಗಳನ್ನು ಒಟ್ಟಿಗೆ ಕಲಸಿ ಇಡುತ್ತಾರೆ. ಅಂಥ ಮೇಜಿನಲ್ಲಿ ಲಾಭವೆಲ್ಲ ಬರುವುದು ಹೊತ್ತು ನೋಡಿ ಪಣ ಏರಿಸುವುದರಿಂದ. ಆ ವಿಷಯದಲ್ಲಿ 97 ತೆಗೆದವನ ಪಕ್ಕದಲ್ಲಿ ಹೈ-ಆಪ್ಟ್ ಎರಡು 91ಕ್ಕೆ ನಿಲ್ಲುತ್ತದೆ. ಎಕ್ಕಗಳ ಲೆಕ್ಕವನ್ನು ಬೇರೆಯಾಗಿ ಇಟ್ಟರೆ ಮಾತ್ರ ಮೇಲೇಳುತ್ತದೆ. ದುಬಾರಿ ಪದ್ಧತಿ ಕೊಂಡವನು ಇನ್ನೊಂದು ಲೆಕ್ಕವನ್ನೂ ಹೊರಬೇಕು.

ಮೇಜಿನ ಮುಂದೆ ಕೂತಾಗ ಆಗುವುದೇ ಬೇರೆ. ಅಡುಗೆಮನೆಯಲ್ಲಿ ಎಲೆ ಒಂದೊಂದಾಗಿ ಬೀಳುತ್ತದೆ. ಅಲ್ಲಿ ಡೀಲರ್ ಏಳು ಜನಕ್ಕೆ ಎರಡೆರಡು ಎಲೆ ಸರಸರ ಹಾಕಿ ಸರಸರ ಎತ್ತಿಕೊಳ್ಳುತ್ತಾನೆ. ಬಂದ ಮೊತ್ತವನ್ನು ಉಳಿದಿರುವ ಕಟ್ಟುಗಳಿಂದ ಭಾಗಿಸಬೇಕು. ಒಂಬತ್ತು ಬಂದಿದೆ, ಮೂರು ಕಟ್ಟು ಉಳಿದಿದೆ, ಹಾಗಾದರೆ ನಿಜವಾದ ಎಣಿಕೆ ಮೂರು. ಉಳಿದ ಕಟ್ಟುಗಳೆಷ್ಟು ಎಂಬುದನ್ನೂ, ಪಕ್ಕದ ತಟ್ಟೆಯಲ್ಲಿ ಬಿದ್ದಿರುವ ರಾಶಿಯ ಎತ್ತರವನ್ನು ಓರೆಗಣ್ಣಿನಲ್ಲಿ ನೋಡಿ ಅಂದಾಜು ಮಾಡಬೇಕು. ಆಮೇಲೆ ಪಣ, ಆಮೇಲೆ ಆಟ. ಇಷ್ಟರ ನಡುವೆ ಬಿಟ್ಟಿ ಪಾನೀಯದ ತಟ್ಟೆ ಹಿಡಿದವಳು ಬಂದು ಏನು ಬೇಕು ಎನ್ನುತ್ತಾಳೆ. ಪಕ್ಕದವನು ಟೆಕ್ಸಾಸಿನಿಂದ ಬಂದವನಂತೆ, ಅವನ ದನಗಳ ಸಂಖ್ಯೆ ಹೇಳುತ್ತಾನೆ. ಹಿಂದೆ ನಿಂತ ಮೇಲ್ವಿಚಾರಕ ‘ಯಾವ ದೇಶದವರು? ಭಾರತವಾ? ನನ್ನ ದಂತವೈದ್ಯರೂ ಭಾರತದವರೇ’ ಎಂದು ವಿಚಾರಿಸಿಕೊಳ್ಳುತ್ತಾನೆ. ಅವನ ಸೌಜನ್ಯದಲ್ಲಿ ಅರ್ಧ ಭಾಗ ಪತ್ತೇದಾರಿಕೆ.

ಶತಾವಧಾನಿ ಗಣೇಶರ ಅಷ್ಟಾವಧಾನ ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಒಬ್ಬರು ಸಂಖ್ಯಾಬಂಧದ ಮನೆ ತುಂಬಿಸಲು ಕೇಳುತ್ತಾರೆ, ಇವೆಲ್ಲ ಕೂಡಿಬರುವ ಹೊತ್ತಿಗೆ ಅಪ್ರಸ್ತುತ ಪ್ರಸಂಗದವರು ಎದ್ದು, ‘ಸ್ವಾಮಿ, ದಮಯಂತಿ ಇಡ್ಲಿಗೆ ಚಟ್ನಿ ಹಾಕಿಕೊಳ್ಳುತ್ತಿದ್ದಳೋ ಸಾಂಬಾರೋ?’ ಎಂಬಂಥದ್ದೇನನ್ನೋ ಕೇಳುತ್ತಾರೆ. ಅವಧಾನಿಗೆ ಒಂದು ಅನುಕೂಲವಿದೆ, ತಾನು ಕಷ್ಟಪಡುತ್ತಿರುವುದನ್ನು ಸಭೆಗೆ ತೋರಿಸಬಹುದು, ಚಪ್ಪಾಳೆ ಬೀಳುತ್ತದೆ. ಎಲೆ ಎಣಿಸುವವನು ಎಲ್ಲವನ್ನೂ ಮಾಡುತ್ತ, ಏನೂ ಮಾಡದ ಪೆದ್ದನ ಮುಖ ಹೊತ್ತು, ಸೋತಾಗ ಪೆದ್ದನಂತೆಯೇ ನಗಬೇಕು. ಥಾರ್ಪ್ ಮೇಷ್ಟ್ರು ಗಡ್ಡ ಅಂಟಿಸಿಕೊಂಡು ಹೋಗುವ ಮಟ್ಟಕ್ಕೆ ಬಂದರು.

ಇಲ್ಲಿ ತಪ್ಪು ಸಣ್ಣದಾದರೂ ದುಬಾರಿ. ಇಡೀ ವಿದ್ಯೆಯನ್ನು ಚೆನ್ನಾಗಿ ಆಡಿದರೆ ಸಿಗುವ ಮೇಲುಗೈಯೇ ನೂರಕ್ಕೆ ಒಂದರ ಆಸುಪಾಸು. ಕಷ್ಟದ ಪದ್ಧತಿ ಕೊಡುವ ಹೆಚ್ಚುವರಿ ಅದರಲ್ಲಿ ಒಂದು ತುಣುಕು. ಗಂಟೆಗೆ ಒಂದೆರಡು ಸಲ ಕೂಡುವಲ್ಲಿ ಕಳೆದರೆ ಆ ತುಣುಕು ಮಾಯ, ಅದರ ಜೊತೆಗೆ ಮೂಲದಿಂದಲೂ ಸ್ವಲ್ಪ. ಭಾವಮೈದುನ ನನ್ನನ್ನು ಸಿಯೆರಾ ಬೆಟ್ಟ ದಾಟಿಸಿ ರೀನೊಗೆ ಕರೆದೊಯ್ದಿದ್ದ. ನಾನು ದೂರದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತ ಕಾದೆ. ತಡರಾತ್ರಿ ಎದ್ದು ಬಂದ. ಹೇಗಾಯ್ತಪ್ಪ ಎಂದು ಕೇಳಿದೆ.

“ಲೆಕ್ಕ ಸರಿಯಾಗೇ ಇತ್ತು ಭಾವ. ಎಲೆ ಸರಿಯಾಗಿ ಬರಲಿಲ್ಲ.”

ಮಹಾಭಾರತದ ವನಪರ್ವದಲ್ಲಿ, ನಮ್ಮ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹೇಳಿದ ಅದೇ ನಳನ ಕಥೆಯಲ್ಲಿ, ಎಣಿಕೆಯ ಇನ್ನೊಬ್ಬ ಪಂಡಿತನಿದ್ದಾನೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ವೇಷದಲ್ಲಿ ಋತುಪರ್ಣ ರಾಜನ ಸಾರಥಿಯಾಗಿದ್ದಾನೆ. ಒಂದೇ ಹಗಲಿನಲ್ಲಿ ವಿದರ್ಭ ತಲುಪಬೇಕಾದ ತುರ್ತು. ದಾರಿಯಲ್ಲಿ ತಾರೆಯ ಮರ ಕಂಡು ಋತುಪರ್ಣನಿಗೆ ತನ್ನ ವಿದ್ಯೆ ತೋರಿಸುವ ಹುಕಿ ಬರುತ್ತದೆ: ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2,095 ಕಾಯಿ. ಬಾಹುಕ ರಥ ನಿಲ್ಲಿಸಿಬಿಡುತ್ತಾನೆ, ಮರ ಕಡಿದು ಎಣಿಸಿಯೇ ನಂಬುತ್ತೇನೆ ಎನ್ನುತ್ತಾನೆ. ಹೊತ್ತಾಯಿತು, ಹೊರಡು ಎಂದು ರಾಜ ಗೋಗರೆದರೂ ಬಿಡದೆ ಎಣಿಸಿ, ಕಾಯಿಗಳ ಲೆಕ್ಕ ತಾಳೆಯಾದ ಮೇಲೆ ಬದಲಿಗೆ ತನ್ನ ಕುದುರೆಯ ವಿದ್ಯೆ ಕೊಡುವೆನೆಂದು ಹೇಳಿ ಅಕ್ಷಹೃದಯವೆಂಬ ಆ ವಿದ್ಯೆಯನ್ನು ಕಲಿತುಕೊಳ್ಳುತ್ತಾನೆ. ಅಂದಿನ ಜೂಜಿಗೆ ದಾಳವಾಗುತ್ತಿದ್ದದ್ದು ತಾರೆಯ ಕಾಯಿಯೇ. ನನ್ನ ಗಮನವೆಲ್ಲ ಆ ಮರದ ಕೆಳಗೆ ಕಳೆದ ಹೊತ್ತಿನ ಮೇಲೆ. ಐದು ಕೋಟಿ ಎಲೆಯ ಜ್ಞಾನಕ್ಕೆ ಒಂದು ಗಾವುದ ದೂರ ಹೋಗುವ ಶಕ್ತಿಯೂ ಇರಲಿಲ್ಲ. ಎಣಿಸುವವನನ್ನು ಊರು ಮುಟ್ಟಿಸಿದ್ದು ಕುದುರೆ ಹೊಡೆಯುವವನು.

ನೆನಪೂ ಕೌಶಲವೇ ಎಂದು ನಮ್ಮ ಸುಪ್ರೀಂ ಕೋರ್ಟೇ ಒಪ್ಪಿದೆ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಮೊಕದ್ದಮೆಯಲ್ಲಿ, ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ಅದು ಬರೀ ಅದೃಷ್ಟದ ಆಟವಲ್ಲ ಎಂದು ತೀರ್ಪು ಬಂತು. ನಮ್ಮೂರುಗಳ ರಿಕ್ರಿಯೇಷನ್ ಕ್ಲಬ್ಬುಗಳಲ್ಲಿ ಪಂಚೆ ಮಡಚಿ ಕೂತ ನಿವೃತ್ತ ಮುಖ್ಯೋಪಾಧ್ಯಾಯರು ಅಂದಿನಿಂದ ಇನ್ನಷ್ಟು ಗಂಭೀರವಾಗಿ ಎಲೆ ಹಿಡಿಯತೊಡಗಿರಬೇಕು. ಅಮೆರಿಕದಲ್ಲಿ ಇದೇ ಜ್ಞಾಪಕಶಕ್ತಿಯ ಬಗ್ಗೆ ಜಗಳ ಬೇರೆ ರೀತಿ ಹೋಯಿತು. ನೆವಾಡಾದಲ್ಲಿ ಎಣಿಸುವುದು ಅಪರಾಧವಲ್ಲ, ಆದರೆ ಎಣಿಸುವವನನ್ನು ಹೊರಗೆ ಕಳಿಸುವ ಹಕ್ಕು ಕ್ಯಾಸಿನೊಗಿದೆ. ನ್ಯೂಜೆರ್ಸಿಯಲ್ಲಿ ಉಸ್ಟನ್ ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದ: ಲೆಕ್ಕ ಬರುತ್ತದೆ ಎಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿ ಯಾರನ್ನೂ ಹೊರಹಾಕುವಂತಿಲ್ಲ ಎಂದು.

ತಂಡ ಕಟ್ಟಿಕೊಂಡು ಎಲೆ ಎಣಿಸಿದ ಎಂಐಟಿಯ ಹುಡುಗರ ಕಥೆ ಎಲ್ಲರಿಗೂ ಸಿನಿಮಾದಿಂದ ಗೊತ್ತು. ಸಿನಿಮಾದಲ್ಲಿಲ್ಲದ ಒಂದು ವಿವರ ನನಗೆ ಇಷ್ಟ. 1980ರಲ್ಲಿ ಕೇಂಬ್ರಿಜ್‌ನ ಚೈನೀಸ್ ಹೋಟೆಲೊಂದರಲ್ಲಿ ಬಿಲ್ ಕಪ್ಲನ್ ಎಂಬ ಹಾರ್ವರ್ಡ್ ಪದವೀಧರ ಬ್ಲ್ಯಾಕ್‌ಜ್ಯಾಕ್ ಮಾತಾಡುತ್ತಿದ್ದದ್ದು ಪಕ್ಕದ ಮೇಜಿನ ಎಂಐಟಿ ಆಟಗಾರನೊಬ್ಬನ ಕಿವಿಗೆ ಬಿತ್ತು. ನಮ್ಮ ತಂಡ ನೋಡು ಬಾ ಎಂದು ಅಟ್ಲಾಂಟಿಕ್ ಸಿಟಿಗೆ ಕರೆದೊಯ್ದ. ಕಪ್ಲನ್ ನೋಡಿದ. ಎಲ್ಲರೂ ಮೇಧಾವಿಗಳು, ಒಬ್ಬೊಬ್ಬರದೂ ಒಂದೊಂದು ಪದ್ಧತಿ, ಒಂದಕ್ಕಿಂತ ಒಂದು ಜಟಿಲ. ಜಟಿಲತೆಯಿಂದ ಬಂದ ಲಾಭವನ್ನೆಲ್ಲ ತಪ್ಪುಗಳೇ ನುಂಗಿಹಾಕುತ್ತಿದ್ದವು. ತನ್ನ ಜೊತೆ ಆಡಬೇಕಾದರೆ ಎಲ್ಲರೂ ಒಂದೇ ಪದ್ಧತಿಗೆ ಬರಬೇಕು, ತರಬೇತಿ ಪಡೆಯಬೇಕು, ಪರೀಕ್ಷೆ ಪಾಸಾಗಬೇಕು ಎಂದು ಕಟ್ಟುಮಾಡಿದ. ಆ ಆಗಸ್ಟ್‌ನಲ್ಲಿ 89,000 ಡಾಲರ್ ಬಂಡವಾಳದಿಂದ ಶುರುವಾಗಿ ಹತ್ತು ವಾರಗಳಲ್ಲಿ ಅದು ದುಪ್ಪಟ್ಟಾಯಿತು. ಎಂಐಟಿಯಂಥ ಕಡೆ ಸೀಟು ಗಿಟ್ಟಿಸಿದ ಆ ಹುಡುಗರು ಮೇಜಿನ ಮುಂದೆ ಎಣಿಸುತ್ತಿದ್ದದ್ದು ಒಂದು, ಸೊನ್ನೆ, ಮೈನಸ್ ಒಂದು.

ಆಮೇಲಾಮೇಲೆ ಸರಳತೆಗೂ ಸ್ಪರ್ಧೆ ಹುಟ್ಟಿತು. ಆರ್ನಲ್ಡ್ ಸ್ನೈಡರ್ ‘ರೆಡ್ ಸೆವೆನ್’ ಎಂಬುದನ್ನು ತಂದರು: ಹೈ-ಲೊ ಹಾಗೆಯೇ, ಆದರೆ ಕೆಂಪು ಏಳು ಬಿದ್ದರೆ ಒಂದು ಕೂಡು, ಕಪ್ಪು ಏಳಕ್ಕೆ ಏನೂ ಬೇಡ. ಏಳರ ಬಣ್ಣದಲ್ಲೇನಿದೆ? ಏನೂ ಇಲ್ಲ. ಅರ್ಧ ಬೆಲೆ ಕೊಡಬೇಕಾದ ಎಲೆಗೆ ಎರಡು ಸಲದಲ್ಲಿ ಒಂದು ಸಲ ಪೂರ್ತಿ ಬೆಲೆ ಕೊಟ್ಟರೆ ಆಯಿತಲ್ಲ! ಅರೆ ಮಗ್ಗಿಯನ್ನು ಬಣ್ಣಕ್ಕೆ ಬದಲಿಸಿಬಿಟ್ಟ ಈ ಜಾಣತನಕ್ಕೆ ನಾನು ಬರೋನಾದಲ್ಲಿ ಒಂದು ಹೋಳಿಗೆ ಹೆಚ್ಚಿಗೆ ಹಾಕಿಸುತ್ತಿದ್ದೆ. ತೊಂಬತ್ತರ ದಶಕದಲ್ಲಿ ವಾನ್ಕುರಾ ಮತ್ತು ಫುಕ್ಸ್ ಎಂಬಿಬ್ಬರು ‘ನಾಕೌಟ್’ ಪದ್ಧತಿಯಲ್ಲಿ ಎಲ್ಲ ಏಳುಗಳನ್ನೂ ಸೇರಿಸಿಕೊಂಡರು. ಆರು ಕಟ್ಟಿನ ಆಟದಲ್ಲಿ ಮೈನಸ್ ಇಪ್ಪತ್ತರಿಂದ ಶುರು, ಭಾಗಾಕಾರವೇ ಬೇಡ. ಭಾಗಾಕಾರ ಬೇಡ ಎಂಬ ಮಾತು ಕೇಳಿದರೇ ನನಗೆ ಸಮಾಧಾನ. ಡಾನ್ ಶ್ಲೆಸಿಂಜರ್ ಇನ್ನೊಂದು ಕಡೆಯಿಂದ ಹೊರೆ ಇಳಿಸಿದರು. ಎಣಿಕೆ ನೋಡಿ ಆಟ ಬದಲಿಸಬೇಕಾದ ನೂರಕ್ಕೂ ಹೆಚ್ಚು ಸಂದರ್ಭಗಳನ್ನು ಜನ ಉರುಹಚ್ಚುತ್ತಿದ್ದರು. ಅವುಗಳಲ್ಲಿ ಹದಿನೆಂಟನ್ನು ಕಲಿತರೆ ಬಹುಪಾಲು ಲಾಭ ಸಿಕ್ಕಿತು, ಉಳಿದದ್ದು ಹೊಟ್ಟೆಕಿಚ್ಚಿಗೆ ಎಂದು 1986ರಲ್ಲಿ ಲೆಕ್ಕ ಕೊಟ್ಟರು. (ಹೊಟ್ಟೆಕಿಚ್ಚು ನನ್ನ ಮಾತು.)

ಎದುರು ದಿಕ್ಕಿಗೆ ಹೋದವರೂ ಇದ್ದಾರೆ. ಕೀತ್ ಟ್ಯಾಫ್ಟ್ ಎಂಬ ಎಂಜಿನಿಯರ್ ಮನುಷ್ಯನ ತಲೆಯ ಗೊಡವೆಯೇ ಬೇಡವೆಂದು 1972ರಲ್ಲಿ ಒಂದು ಕಂಪ್ಯೂಟರನ್ನು ಮೈಗೆ ಕಟ್ಟಿಕೊಂಡು ಹೋದ. ಹೆಸರು ಜಾರ್ಜ್, ತೂಕ ಸುಮಾರು ಏಳು ಕಿಲೊ, ಎಲೆಗಳ ವಿವರ ಒತ್ತಬೇಕಾದದ್ದು ಕಾಲ್ಬೆರಳಿನಲ್ಲಿ. ಮುಂದೆ ಡೇವಿಡ್ ಎಂಬ ಚಿಕ್ಕ ಯಂತ್ರ ಬಂತು. 1985ರಲ್ಲಿ ನೆವಾಡಾ ಇಂಥ ಸಲಕರಣೆಗಳನ್ನು ನಿಷೇಧಿಸಿತು. ಏಳು ಕಿಲೊ ಹೊತ್ತು, ಕಾಲ್ಬೆರಳು ಕುಣಿಸುತ್ತ, ಮುಖದಲ್ಲಿ ರಜೆಗೆ ಬಂದವನ ಕಳೆ ತರುವುದಕ್ಕೆ ಬೇಕಾದ ಅಭ್ಯಾಸವನ್ನು ನೆನೆದರೆ ಅರೆ ಮಗ್ಗಿಯೇ ವಾಸಿ.

ಆದರೂ ಜಟಿಲವಾದದ್ದನ್ನು ಜನ ಯಾಕೆ ಬಿಡುವುದಿಲ್ಲ? ಮಾರುವವರಿಗೆ ಕಾರಣ ಸ್ಪಷ್ಟ, ‘ಸಣ್ಣದಕ್ಕೆ ಒಂದು ಕೂಡು, ದೊಡ್ಡದಕ್ಕೆ ಒಂದು ಕಳೆ’ ಎಂಬ ಒಂದು ಸಾಲನ್ನು ದುಬಾರಿ ಬೆಲೆಗೆ ಮಾರಲಾಗುವುದಿಲ್ಲ. ಕೊಳ್ಳುವವರದು ಲಾಭದಾಸೆ ಅನ್ನುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಯಾಟಗಳನ್ನು ತಾವೇ ರೂಪಿಸಿ ವಿವರವಾಗಿ ಬರೆಸಿದರು. ಚಿಕ್ಕದಕ್ಕೆ ಮೂವತ್ತಾರು ಎಲೆ, ದೊಡ್ಡದಕ್ಕೆ 360. ಮುನ್ನೂರ ಅರವತ್ತು ಎಲೆ ಹಂಚಿ ಮುಗಿಯುವ ಹೊತ್ತಿಗೆ ದರ್ಬಾರಿಗೆ ಹೊತ್ತಾಗುತ್ತಿರಲಿಲ್ಲವೇ? ಅಷ್ಟೊಂದು ಎಲೆಯ ಆಟವನ್ನು ಆಡುವವರನ್ನು ನಾನಂತೂ ಕಂಡಿಲ್ಲ. ಚಿತ್ರ ನೋಡುತ್ತ ನಿಂತವರನ್ನು ಕಂಡಿದ್ದೇನೆ, ನಾನೂ ನಿಂತಿದ್ದೇನೆ. ಮಹಾರಾಜರು ಗೆಲ್ಲುವುದಕ್ಕೆ ಅದನ್ನು ಮಾಡಿಸಿದ್ದು ಎಂದು ಯಾರೂ ಹೇಳಲಾರರು. ಜಟಿಲವಾದದ್ದನ್ನು ಕಟ್ಟುವುದರಲ್ಲೇ ಒಂದು ಸುಖವಿದೆ, ಜೂಜುಗಾರರು ಆ ಸುಖಕ್ಕೆ ‘ಮೇಲುಗೈ’ ಎಂದು ಹೆಸರಿಟ್ಟುಕೊಂಡು ಮನೆಯವರ ಒಪ್ಪಿಗೆ ಪಡೆಯುತ್ತಾರೆ.

ಇತ್ತ ಕ್ಯಾಸಿನೊಗಳು ಕೈಕಟ್ಟಿ ಕೂರಲಿಲ್ಲ. ಥಾರ್ಪರ ಪುಸ್ತಕಕ್ಕೆ ಹೆದರಿ ಲಾಸ್ ವೇಗಸ್‌ನವರು 1964ರ ಏಪ್ರಿಲ್ 1ರಂದು ನಿಯಮಗಳನ್ನು ಬಿಗಿ ಮಾಡಿದರು. ಗಿರಾಕಿಗಳು ಮುನಿಸಿಕೊಂಡು ಎದ್ದುಹೋದರು, ಕೆಲವೇ ವಾರಗಳಲ್ಲಿ ಹಳೆಯ ನಿಯಮ ವಾಪಸ್. ಪುಸ್ತಕ ಓದಿ ಬಂದವರಲ್ಲಿ ಹೆಚ್ಚಿನವರಿಗೆ ನೆಟ್ಟಗೆ ಎಣಿಸಲು ಬರುವುದಿಲ್ಲ, ಆದರೆ ಬರುತ್ತದೆಂಬ ನಂಬಿಕೆ ಇದೆ ಎಂಬುದು ಅವರಿಗೆ ಬೇಗ ಅರ್ಥವಾಯಿತು. ಅಂಥವರಿಗಿಂತ ಒಳ್ಳೆಯ ಗಿರಾಕಿ ಉಂಟೇ! ಈಗಿನ ಉಪಾಯಗಳು ಹೆಚ್ಚು ನಿರ್ದಯ. ಒಂದಕ್ಕೆ ಒಂದೂವರೆ ಕೊಡುವ ಕಡೆ ಐದಕ್ಕೆ ಆರು ಎಂದು ಮೇಜಿನ ಮೇಲೇ ಅಚ್ಚು ಹಾಕಿಸಿದ್ದಾರೆ. ಅದರಿಂದ ಕ್ಯಾಸಿನೊದ ಪಾಲು ನೂರಕ್ಕೆ ಒಂದೂಕಾಲರ ಮೇಲೆ ಏರುತ್ತದೆ, ಎಣಿಸುವವನ ಇಡೀ ಸಂಪಾದನೆಗಿಂತ ಹೆಚ್ಚು. ಇನ್ನೂ ಕೆಲವು ಕಡೆ ಬಿದ್ದ ಎಲೆಯನ್ನು ಆಗಿಂದಾಗಲೇ ಯಂತ್ರಕ್ಕೆ ತುರುಕಿ ಕಲಸುತ್ತಲೇ ಇರುತ್ತಾರೆ. ಅಲ್ಲಿ ಎಲೆಗೆ ನೆನಪಿಲ್ಲ, ಎಣಿಸುವುದಕ್ಕೆ ಏನೂ ಉಳಿಯುವುದಿಲ್ಲ.

ನಮ್ಮವರಿಗೆ ಈ ಆಟ ಹತ್ತಿರವೇ ಸಿಗುತ್ತದೆ, ಪಣಜಿಯಲ್ಲಿ ಮಾಂಡೋವಿಯ ಮೇಲೆ ತೇಲುವ ಹಡಗುಗಳಲ್ಲಿ. ಆ ಮಾಂಡೋವಿ ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ನೀರಿನ ಬಗ್ಗೆ ಎರಡು ರಾಜ್ಯಗಳಿಗೂ ವರ್ಷಗಟ್ಟಲೆ ತಕರಾರಿದೆ. ಶನಿವಾರ ಭಾನುವಾರ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಆ ಕಡೆಗೆ ಹರಿಯುವ ದುಡ್ಡಿನ ಬಗ್ಗೆ ಯಾವ ನ್ಯಾಯಮಂಡಳಿಯೂ ಕೂತಿಲ್ಲ.

ಭಾವಮೈದುನ ಈಚೆಗೆ ರೀನೊಗೆ ಹೋಗುವುದನ್ನು ಬಿಟ್ಟಿದ್ದಾನೆ. ವಿದ್ಯೆ ಬಿಟ್ಟಿಲ್ಲ. ರಾತ್ರಿ ಕಂಪ್ಯೂಟರಿಗೆ ಕೋಟಿಗಟ್ಟಲೆ ಆಟ ಆಡಿಸಲು ಹಚ್ಚಿ ಮಲಗುತ್ತಾನೆ, ಬೆಳಗ್ಗೆ ಎದ್ದು ಫಲಿತಾಂಶ ನೋಡುತ್ತಾನೆ. ಹೊಸದೊಂದು ಪದ್ಧತಿ ಕಟ್ಟಿದ್ದಾನಂತೆ, ಅದರಲ್ಲಿ ಕಾಲು, ಮುಕ್ಕಾಲುಗಳೂ ಇವೆ. “ಇದನ್ನ ಮೇಜಿನ ಮುಂದೆ ಯಾರಯ್ಯ ಎಣಿಸ್ತಾರೆ?” ಅಂದೆ ಫೋನಿನಲ್ಲಿ.

“ಎಣಿಸೋದಾ? ಇದನ್ನ ಎಣಿಸೋಕೆ ಯಾರಿಗೂ ಆಗಲ್ಲ ಭಾವ” ಅಂದ, ಹೆಮ್ಮೆಯಿಂದ.

ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಐವತ್ತೆರಡು ಎಲೆಗಳ ಬೆಲೆಯೂ ಸೇರಿ ಸೊನ್ನೆ ಬರಬೇಕು, ನೀವು ಹಳೇ ಕಾಲದವರು, ಕೈಯಲ್ಲೇ ಒಂದ್ಸಲ ಕೂಡಿ ನೋಡಿ ಎಂದು ಬರೆದಿದ್ದ. ಕೂಡಿ ನೋಡಿದೆ, ಸೊನ್ನೆಯೇ ಬಂತು. ಸರಿಯಾಗಿದೆ ಎಂದು ಉತ್ತರ ಹಾಕಿದೆ. ಎರಡು ನಿಮಿಷಕ್ಕೆ ಮತ್ತೆ ಟಣ್ ಅಂದಿತು: “ಹಾಗಾದ್ರೆ ಏಳಕ್ಕೆ ಇನ್ನೊಂದು ಕಾಲು ಸೇರಿಸಿ, ಒಂಬತ್ತಕ್ಕೆ ಒಂದು ಕಾಲು ಕಳೆದ್ರೆ ಹೇಗೆ?”